ಹೆಸರಿಲ್ಲದ ಗುಳಿಗೆ

ಹೊಲ, ಮನೆ, ಸಾಲ, ಮುಖದ ಚಹರೆ, ಮಾತಿನ ಧಾಟಿ ಇವೆಲ್ಲವೂ ತಂದೆತಾಯಿಗಳಿಂದ ಮಕ್ಕಳಿಗೆ ಬರುವುದುಂಟು. ಹೊಲದ ಮೇರೆಯನ್ನು ತೋರಿಸುವವರೂ ಸಾಲದ ಪತ್ರವನ್ನು ಓದಿ ಹೇಳುವವರೂ ಯಾವ ಊರಿನಲ್ಲಾದರೂ ಇದ್ದೇ ಇರುತ್ತಾರೆ. ಆದರೆ ತಾಯಿಯಿಂದ ಎಚ್.ಐ.ವಿ. ವೈರಾಣುವನ್ನು ಪಡೆದು ಹುಟ್ಟಿದ ಮಗುವಿಗೆ, ತನಗೆ ಬಂದುದೇನೆಂಬುದನ್ನು ತಿಳಿಯಹೇಳುವವರು ವಿರಳ. ತಾನು ಮಾಡದ ತಪ್ಪಿನ ಫಲವನ್ನು, ಅದರ ಹೆಸರನ್ನು ಸಹ ಅರಿಯದೆ, ಆ ಮಗುವು ಹೊತ್ತು ನಡೆಯಬೇಕಾಗುತ್ತದೆ.

ಭಾರತದಲ್ಲಿ ಈ ಸೋಂಕು ಮೊದಲು ಕಂಡುಬಂದುದು 1986ರಲ್ಲಿ. ಔಷಧವಿಲ್ಲದ ಕಾಲದಲ್ಲಿ ಸೋಂಕಿನೊಡನೆ ಹುಟ್ಟಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದುವು. 2004ನೆಯ ಏಪ್ರಿಲಿನಿಂದ ಸರಕಾರವು ಎ.ಆರ್.ಟಿ. ಔಷಧವನ್ನು ಉಚಿತವಾಗಿ ಕೊಡಲಾರಂಭಿಸಿತು. 2006ರ ಕೊನೆಯಲ್ಲಿ ಮಕ್ಕಳಿಗೆಂದೇ ತಕ್ಕ ಪ್ರಮಾಣದ ಗುಳಿಗೆಗಳು ಬಂದುವು. ಅದಕ್ಕೆ ಮೊದಲು ದೊಡ್ಡವರ ಗುಳಿಗೆಯನ್ನೇ ಮುರಿದು ಮಕ್ಕಳಿಗೆ ಕೊಡುತ್ತಿದ್ದುದುಂಟು. ತಾಯಿಗೆ ಔಷಧವಿಲ್ಲದಿದ್ದರೆ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುವುದು. ಗರ್ಭಕಾಲದಲ್ಲಿಯೂ ಮೊಲೆಯೂಡುವ ಕಾಲದಲ್ಲಿಯೂ ಔಷಧ ನಡೆದರೆ ಆ ಸಂಖ್ಯೆ ಐದಕ್ಕಿಂತ ಕೆಳಗಿಳಿಯುವುದು. ಆದುದರಿಂದ ಈಗ ಸೋಂಕಿನೊಡನೆ ಹುಟ್ಟುವ ಮಕ್ಕಳು ಕಡಮೆ. ಆದರೆ ಅಂದು ಹುಟ್ಟಿ ಔಷಧದ ಬಲದಿಂದ ಉಳಿದುಕೊಂಡವರು ಇಂದು ಪ್ರಾಯಕ್ಕೆ ಬಂದಿದ್ದಾರೆ. ಬದುಕುವರೋ ಇಲ್ಲವೋ ಎಂಬುದು ಹಿಂದಿನ ಪ್ರಶ್ನೆ. ಹೇಗೆ ಬದುಕುವರು ಎಂಬುದು ಇಂದಿನ ಪ್ರಶ್ನೆ.

ಈ ಪ್ರಶ್ನೆಯನ್ನು ರಾಯಚೂರು ಜಿಲ್ಲೆಯ ನೆಲದ ಮೇಲೆ ನಿಂತು ನೋಡುವುದು ಒಳ್ಳೆಯದು. ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲಿನ ಊರುಗಳು. ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಬತ್ತದ ಗದ್ದೆ, ಅಕ್ಕಿಯ ಗಿರಣಿ. ಲಿಂಗಸುಗೂರಿನ ಕಡೆ ಹಟ್ಟಿಯ ಚಿನ್ನದ ಗಣಿ, ಅದರ ಸುತ್ತ ಮಳೆಯನ್ನೇ ನಂಬಿದ ಹೊಲಗಳು. ಮಳೆ ಹೋದ ವರ್ಷ ಒಕ್ಕಲುಗಳು ಗುಳೆ ಹೋಗುತ್ತವೆ. ಗಂಟುಮೂಟೆಯಲ್ಲಿ ಜೋಳ, ಹಾಸಿಗೆ, ಪಾತ್ರೆಗಳು ಸೇರುತ್ತವೆ; ಮಗುವಿನ ಗುಳಿಗೆಯ ಡಬ್ಬಿ ಸೇರದೆಹೋದರೆ ಆ ತಿಂಗಳ ಚಿಕಿತ್ಸೆಯೇ ಕೆಡುತ್ತದೆ. ಔಷಧವು ದಿನವೂ ತಪ್ಪದೆ ನಡೆಯಬೇಕು. ಮೇಲಿಂದಮೇಲೆ ತಪ್ಪಿದರೆ ವೈರಾಣುವು ಔಷಧವನ್ನೇ ಎದುರಿಸಲು ಕಲಿಯುವುದು. ಬಳಿಕ ಮೊದಲಿನ ಗುಳಿಗೆ ನಾಟುವುದಿಲ್ಲ.

ಸೋಂಕು ದೇಹದ ಬೆಳವಣಿಗೆಯನ್ನೂ ತಡೆಯುತ್ತದೆ. ಔಷಧ ತಡವಾಗಿ ದೊರೆತ ಮಗುವಿನ ಎತ್ತರ ಏರದು, ತೂಕ ಕೂಡದು. ಹದಿನಾಲ್ಕರ ಹುಡುಗ ಹತ್ತರವನಂತೆ ಕಾಣುವನು. ಹುಡುಗಿ ಮೈನೆರೆಯುವುದು ತಡವಾಗುವುದು. ಕೆಲವರಿಗೆ ಪಾಠವೂ ಬೇಗ ಹತ್ತದು. ಬೇಗನೆ ಔಷಧ ಸಿಕ್ಕಿ, ಹೊಟ್ಟೆ ತುಂಬ ಊಟವೂ ಸಿಕ್ಕವರು ಬಹುಮಟ್ಟಿಗೆ ಓರಗೆಯವರಂತೆಯೇ ಬೆಳೆಯುತ್ತಾರೆ. ಆದುದರಿಂದ ಗುಳಿಗೆಯಷ್ಟೇ ಮುಖ್ಯವಾದುದು ತಟ್ಟೆಯಲ್ಲಿರುವ ಬೇಳೆ, ತತ್ತಿ, ಹಾಲು.

ಇಷ್ಟೆಲ್ಲ ಕೂಡಿಬಂದರೂ ಒಂದು ಕೊರತೆ ಉಳಿಯುತ್ತದೆ. ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿರುವ ಮಕ್ಕಳು ಈ ರೋಗದ ಕಥೆಯಲ್ಲಿ ಕಡಮೆಯಿಲ್ಲ. ಅಂತಹ ಮನೆಯೊಂದನ್ನು ಊಹಿಸಿಕೊಳ್ಳಬಹುದು. “ಅಜ್ಜಿ, ಈ ಗುಳಿಗಿ ನನಗೊಬ್ಬಗ ಯಾಕ?” ಎಂದು ಮೊಮ್ಮಗನು ಕೇಳುತ್ತಾನೆ. “ಮೈಯಾಗ ಕಸುವು ಬರ್ತದ, ನುಂಗಪ್ಪ” ಎಂದು ಅಜ್ಜಿ ಹೇಳುತ್ತಾಳೆ. ಅವಳ ಮಾತು ಸುಳ್ಳಲ್ಲ. ಪೂರ್ಣ ಸತ್ಯವೂ ಅಲ್ಲ. ಓಣಿಗೆ ತಿಳಿದರೆ ಮೊಮ್ಮಗನನ್ನು ಆಟಕ್ಕೆ ಕರೆಯಲಿಕ್ಕಿಲ್ಲವೆಂಬ ಭಯ ಅವಳದು. ಎಂಟು ವರ್ಷದವನಿಗೆ ಆ ಉತ್ತರ ಸಾಕಾಗುವುದು. ಹದಿನೈದು ವರ್ಷದವನಿಗೆ ಸಾಕಾಗದು. ಮೈಯಲ್ಲಿ ಕಸುವಿದೆ, ಇನ್ನೇಕೆ ಗುಳಿಗೆ ಎಂದು ಅವನು ಗುಟ್ಟಾಗಿ ಅದನ್ನು ಎಸೆಯುತ್ತಾನೆ. ಚಿಕಿತ್ಸೆ ಹೆಚ್ಚಾಗಿ ತಪ್ಪುವುದು ಈ ವಯಸ್ಸಿನಲ್ಲಿಯೇ. ಹೀಗೆ ಪ್ರೀತಿಯಿಂದ ಮುಚ್ಚಿಟ್ಟ ಮಾತೇ ಪ್ರಾಣಕ್ಕೆ ಎರವಾಗಬಹುದು.

ಶಾಲೆಗೆ ಹೋಗುವ ವಯಸ್ಸಿನಲ್ಲಿಯೇ, ಆರರಿಂದ ಹನ್ನೆರಡು ವರ್ಷದೊಳಗೆ, ಮಗುವಿಗೆ ಅರಗುವಷ್ಟಷ್ಟನ್ನೇ ಹೇಳುತ್ತ ಹೋಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಸಲಹೆಯಿತ್ತಿತು. ಊರಿಗೆ ಹೇಳುವುದು ಬೇರೆ, ಮಗುವಿಗೆ ಹೇಳುವುದು ಬೇರೆ. ಊರಿನಿಂದ ಗುಟ್ಟನ್ನು ಕಾಯುವ ಹಕ್ಕನ್ನು 2017ರ ಎಚ್.ಐ.ವಿ. ಕಾಯಿದೆಯೇ ಕೊಟ್ಟಿದೆ, ಶಾಲೆಯು ಇಂತಹ ಮಗುವನ್ನು ಹೊರಗಿಡಲಾಗದೆಂದೂ ಅದು ವಿಧಿಸಿದೆ. ಹನ್ನೆರಡು ತುಂಬಿ, ತಿಳಿವಳಿಕೆಯುಳ್ಳವರಾಗಿ, ಸೋಂಕು ಹೊಕ್ಕ ಮನೆಯನ್ನು ನಡೆಸುತ್ತಿರುವ ಬಾಲಕ ಬಾಲಕಿಯರು ತಮ್ಮತಂಗಿಯರಿಗೆ ಪೋಷಕರಾಗಬಹುದೆಂದು ಸಹ ಅದರಲ್ಲಿದೆ. ಹನ್ನೆರಡರ ಹುಡುಗಿಯು ಮನೆಯ ಭಾರವನ್ನು ಹೊರಬಲ್ಲಳೆಂದು ಕಾನೂನು ಒಪ್ಪಿರುವಾಗ, ತನ್ನದೇ ದೇಹದ ಸತ್ಯವನ್ನು ಹೊರಲಾರಳೆಂದು ಮನೆಯವರು ತಿಳಿಯುವುದು ಸರಿಯೆ?

ಸತ್ಯವನ್ನು ಹೇಳುವವರ ಕೈಯಲ್ಲಿ ಇಂದು ಒಳ್ಳೆಯ ಸುದ್ದಿಯೂ ಇದೆ. ಔಷಧದಿಂದ ರಕ್ತದಲ್ಲಿನ ವೈರಾಣು ಪರೀಕ್ಷೆಗೆ ಕಾಣದಷ್ಟು ಇಳಿದು ಹಾಗೆಯೇ ಉಳಿದರೆ, ದಾಂಪತ್ಯದಿಂದ ಸೋಂಕು ಹರಡುವುದಿಲ್ಲ. ಅವರು ಓದಬಹುದು, ದುಡಿಯಬಹುದು, ಎಲ್ಲವನ್ನೂ ತಿಳಿಸಿ ಮದುವೆಯಾಗಬಹುದು, ಸೋಂಕಿಲ್ಲದ ಮಕ್ಕಳನ್ನು ಪಡೆಯಬಹುದು.

ಮಸ್ಕಿಯ ಬಂಡೆಯ ಮೇಲಿನ ಶಾಸನವು 1915ರಲ್ಲಿ ಬೆಳಕಿಗೆ ಬರುವ ತನಕ, ಶಾಸನಗಳಲ್ಲಿ ಮಾತನಾಡುತ್ತಿದ್ದ ಅರಸನು ಅವುಗಳಲ್ಲಿ ಬರಿಯ ಬಿರುದುಗಳಿಂದಲೇ ಕಾಣಿಸಿಕೊಂಡಿದ್ದನು. ಶಾಸನದಲ್ಲಿ ಅಶೋಕನೆಂಬ ಹೆಸರು ಮೊದಲು ದೊರೆತುದು ಈ ಕಲ್ಲಿನಿಂದ. ಧರ್ಮದಲ್ಲಿ ನಿರತನಾದ ಅಲ್ಪನೂ ಉನ್ನತಿಯನ್ನು ಪಡೆಯಬಲ್ಲನು, ಅದು ದೊಡ್ಡವರ ಸೊತ್ತು ಮಾತ್ರವಲ್ಲ ಎಂಬ ಅಭಿಪ್ರಾಯವೂ ಅದರಲ್ಲಿದೆ. ಆ ನಾಡಿನಲ್ಲಿ ಬೆಳೆಯುತ್ತಿರುವ ಈ ಮಕ್ಕಳಿಗೂ ಉನ್ನತಿಯ ದಾರಿ ಮುಚ್ಚಿಲ್ಲ. ಆದರೆ ದಿನವೂ ನುಂಗುವ ಗುಳಿಗೆ ಏತಕ್ಕೆಂಬುದನ್ನು, ಅವರನ್ನು ಪ್ರೀತಿಸುವವರೇ, ಪರರ ಬಾಯಿಂದ ಕೇಳುವುದಕ್ಕೆ ಮೊದಲು, ಅವರಿಗೆ ಹೇಳಬೇಕು.