ಬುರುಡೆಯ ತಗ್ಗು, ಆಯುಧದ ಕೈ

"ಎಲ್ಲಿ ಬಿತ್ತರಿ ಇದು?"

ನೀವು ಬಾಯಿ ತೆರೆಯುವ ಮೊದಲೇ ಚಾಚಾ ತಂಬೂರಿಯ ಬುರುಡೆಯನ್ನು ಬೆರಳ ಗೆಣ್ಣಿನಿಂದ ಬಡಿಯತೊಡಗಿದ್ದಾರೆ. ಟಣ್, ಟಣ್, ಟಣ್. ಬೆರಳು ಒಂದಿಷ್ಟು ಕೆಳಗೆ ಸರಿಯುತ್ತದೆ. ದಡ್. ಅಲ್ಲಿಗೇ ನಿಲ್ಲುತ್ತಾರೆ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಸದ್ದು ಸತ್ತ ಜಾಗದ ಸುತ್ತ ಗೆರೆ ಎಳೆಯುತ್ತಾರೆ. ಕಣ್ಣಿಗೆ ಕಂಡ ತಗ್ಗು ಅಂಗೈಯಷ್ಟು. ಪೆನ್ಸಿಲ್ಲಿನ ಗೆರೆ ಅದರ ಎರಡರಷ್ಟು. ಪಾಲಿಶ್ಶಿನ ಕೆಳಗೆ ಬಿರುಕು ಅಲ್ಲಿಯವರೆಗೂ ಓಡಿದೆ.

"ರೈಲಿನಾಗ. ಮ್ಯಾಲಿನ ಬರ್ತ್‌ನಿಂದ ಜಾರಿತು."

"ಜಾರ್ತದರಿ. ಜಾರದಿದ್ರ ನಾವೇನ್ ತಿನ್ನೋಣು?" ಎಂದು ನಕ್ಕು, ಹುಡುಗನಿಗೆ ಚಹಾ ತರಲು ಮರಾಠಿಯಲ್ಲಿ ಕೂಗುತ್ತಾರೆ.

ಇದು ಮಿರಜದ ಸತಾರಮೇಕರ ಗಲ್ಲಿ. ಬೆಳಗಾವಿ ಕಡೆಯಿಂದ ಹೊರಟ ರೈಲು ಕುಡಚಿ, ಉಗಾರ, ಶೇಡಬಾಳ ದಾಟಿ ಬರುವ ಜಂಕ್ಷನ್ ಊರು. ಒಂದು ಕಾಲಕ್ಕೆ ಇಲ್ಲಿ ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಮೂರೂ ಹಳಿಗಳು ಕೂಡುತ್ತಿದ್ದವು. ಧಾರವಾಡ, ಹುಬ್ಬಳ್ಳಿ, ಗದಗಿನ ಗಾಯಕರ ತಂಬೂರಿಗಳು ಹುಟ್ಟಿದ್ದೂ ಇಲ್ಲೇ, ರಿಪೇರಿಗೆಂದು ಮರಳಿ ಬರುವುದೂ ಇಲ್ಲಿಗೇ. ಅಂಗಡಿಯ ಅಟ್ಟದ ಮೇಲೆ ಒಣಗಿದ ಬುರುಡೆಗಳು ಗಾತ್ರದ ಪ್ರಕಾರ ಸಾಲಾಗಿ ಕೂತಿವೆ. ಇವು ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳಲ್ಲಿ ವಾದ್ಯಕ್ಕೆಂದೇ ಬೆಳೆದವು. ಮೂಲೆಗೆ ಒರಗಿಸಿದ ಕೆಂಪು ಹಲಗೆಗಳು ತುಣ್ ಮರದವು. ಆ ಮರ ಬರುವುದು ನಮ್ಮ ಕರ್ನಾಟಕದ ಕಾಡಿನಿಂದ. ಉಸಿರೆಳೆದರೆ ಮರದ ಹೊಟ್ಟು, ಸ್ಪಿರಿಟ್, ಅರಗು ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯುತ್ತದೆ.

ಚಾಚಾ ತಂಬೂರಿಯನ್ನು ಗೋಣಿತಾಟಿನ ಮೇಲೆ ಮಲಗಿಸಿ ತಂತಿ ಸಡಿಲಿಸುತ್ತಾರೆ. ಬಿರಡೆಗಳು ಒಂದೊಂದಾಗಿ ಕಿರುಗುಟ್ಟುತ್ತವೆ. ತಂತಿಗಳನ್ನು ಹೊತ್ತ ಕುದುರೆ ಪಕ್ಕಕ್ಕೆ ಸರಿಯುತ್ತದೆ. ಇನ್ನು ಹೊರಗಿನಿಂದ ಅಂಟು ಮೆತ್ತಿ, ಮೇಲೆ ಬಣ್ಣ ಹಚ್ಚಿ ಕೊಡುತ್ತಾರೆಂದು ನೀವು ಎಣಿಸುತ್ತೀರಿ. ಅವರು ಮಾಡುವುದು ಬೇರೆ. ತೆಳ್ಳನೆಯ ಚಾಕುವೊಂದನ್ನು ಸ್ಟೋವಿನ ಉರಿಗೆ ಹಿಡಿದು, ಬಿಸಿಯಾದ ಅಲಗನ್ನು ತಬಲಿಯ ಅಂಚಿಗೆ, ಅಂದರೆ ಬುರುಡೆಯ ಬಾಯಿ ಮುಚ್ಚಿದ ಹಲಗೆಯ ಅಂಚಿಗೆ, ತೂರಿಸುತ್ತಾರೆ.

"ಬುರುಡಿ ಒಡದೈತಿ, ತಬಲಿ ಯಾಕ ತಗೀತೀರಿ?"

"ತಗ್ಗು ಒಳಗಿನಿಂದ ಏಳಬೇಕ್ರಿ. ಹೊರಗಿನಿಂದ ಏಳಂಗಿಲ್ಲ."

ಹಳೆಯ ವಾದ್ಯಗಳಿಗೆ ಹಾಕಿದ್ದು ಪ್ರಾಣಿಗಳ ಚರ್ಮ, ಎಲುಬು ಕುದಿಸಿ ತೆಗೆದ ಸರೇಸು. ಕಾವು, ತೇವ ತಾಗಿದರೆ ಅದು ಹಿಡಿತ ಬಿಡುತ್ತದೆ. ಮುಂದೆ ಯಾರೋ ಬಿಚ್ಚಬೇಕಾದೀತು ಎಂದು ಮೊದಲೇ ಗೊತ್ತಿದ್ದವರ ಅಂಟು ಅದು. ಅಲಗು ಗೇಣು ದೂರ ಹೋಗುತ್ತದೆ, ಆರುತ್ತದೆ, ಮತ್ತೆ ಉರಿಗೆ ಹೋಗುತ್ತದೆ. ಅವಸರ ಮಾಡಿದರೆ ಹಲಗೆಯ ಎಳೆ ಸೀಳೀತು. ಚಹಾ ಬಂದು ತಣ್ಣಗಾಗುವ ಹೊತ್ತಿಗೆ ಅರ್ಧ ಸುತ್ತು ಮುಗಿದಿರುತ್ತದೆ.

ಆ ಬಿಡುವಿನಲ್ಲಿ ಕೈಯನ್ನು ನೋಡಿ. ಅಲಗಿನ ಬೆನ್ನಿನ ಮೇಲೆ ತೋರುಬೆರಳು, ಹಿಡಿಯ ಸುತ್ತ ಉಳಿದ ನಾಲ್ಕು. ಕತ್ತಿಗೆ ಸಾಣೆ ಹಿಡಿಯುವವರ ಕೈ ಇದು. ಗಲ್ಲಿಯ ಸತಾರಮೇಕರರು ಮೂಲತಃ ಶಿಕಲಗಾರರು. ಮಿರಜದ ಪಟವರ್ಧನ ದೊರೆಗಳ ಆಯುಧಗಳನ್ನು ಮಾಡಿ, ತಿದ್ದಿ, ಹೊಳಪು ಕೊಡುತ್ತಿದ್ದವರು. ಇಂಗ್ಲಿಷರ ಆಳ್ವಿಕೆ ಬಿಗಿಯಾದಂತೆ ಕತ್ತಿ, ಭರ್ಜಿಗಳ ಕೆಲಸ ಕರಗಿತು. ಆಸ್ಥಾನಕ್ಕೆ ಬರುವ ಗವಾಯಿಗಳ ವಾದ್ಯಗಳು ಹಾದಿಯಲ್ಲಿ ಪೆಟ್ಟು ತಿಂದಿರುತ್ತಿದ್ದವು. ತಿದ್ದಲು ಊರಿನಲ್ಲಿ ಸೂಕ್ಷ್ಮ ಕೈಯೆಂದರೆ ಶಿಕಲಗಾರರದೇ. ಹೀಗೆ 1850ರ ಸುಮಾರಿಗೆ ಫರೀದ್‌ಸಾಹೇಬ್ ಶಿಕಲಗಾರ ಮೊದಲು ವಾದ್ಯ ರಿಪೇರಿ ಮಾಡಿದರು, ಆಮೇಲೆ ತಾವೇ ತಂಬೂರಿ ಕಟ್ಟಿದರು ಎಂಬುದು ಗಲ್ಲಿಯ ಮಾತು.

ಅದೇ ದಶಕದ ಇನ್ನೊಂದು ಕತೆ ನಮಗೆ ಲಾವಣಿಗಳಿಂದ ಗೊತ್ತು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯ್ದೆ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಲ್ಲೆವೆಂದರು. ನವೆಂಬರಿನಲ್ಲಿ ಊರು ಸುಟ್ಟಿತು, ಸೆರೆ ಸಿಕ್ಕವರಲ್ಲಿ ಹಲವರು ನೇಣಿಗೇರಿದರು. ಆಯುಧ ಹಿಡಿದವರಿಗೆ ಆದದ್ದು ಹಲಗಲಿಯಲ್ಲಿ ದಾಖಲಾಗಿದೆ. ಆಯುಧ ತಿದ್ದುತ್ತಿದ್ದವರು ಏನಾದರೆಂದು ಕೇಳಿದರೆ ಉತ್ತರ ಈ ಗೋಣಿತಾಟಿನ ಮೇಲಿದೆ.

ತಬಲಿ ಎದ್ದಿತು. ಚಾಚಾ ಅದನ್ನು ಬೆಳಕಿಗೆ ಹಿಡಿದು ಹೆಬ್ಬೆರಳು, ತೋರುಬೆರಳಿನ ನಡುವೆ ಅಂಚನ್ನೆಲ್ಲ ಸವರುತ್ತಾರೆ. ಮೊಮ್ಮಗನ ವಯಸ್ಸಿನ ಹುಡುಗನನ್ನು ಕರೆದು ಅವನ ಬೆರಳಿಗೂ ಸವರಿಸುತ್ತಾರೆ. ನಡುವೆ ದಪ್ಪ, ಅಂಚಿಗೆ ತೆಳು. ಹುಡುಗ ಕ್ಯಾಲಿಪರ್ ಹಿಡಿದು ಅಳೆದು, ಗೋಡೆಗೆ ತೂಗುಬಿಟ್ಟ ವಹಿಯಲ್ಲಿ ಬರೆದುಕೊಳ್ಳುತ್ತಾನೆ.

ಈಗ ಬುರುಡೆಯ ಒಳಗು ಕಾಣುತ್ತದೆ. ತಗ್ಗಿನ ಬೆನ್ನು ಒಳಗೆ ಉಬ್ಬಿ, ಅದರ ನೆತ್ತಿಯಿಂದ ಬಿರುಕುಗಳು ಹೊರಟಿವೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಚಾಚಾ ಅದರ ಮೇಲೆ ಹಾಸಿ ಕಾಯುತ್ತಾರೆ. ಒಣಬುರುಡೆ ಹಟಮಾರಿ, ಒತ್ತಿದರೆ ಬಗ್ಗುವುದಿಲ್ಲ, ಚೂರಾಗುತ್ತದೆ. ತೇವ ಕುಡಿದ ಮೇಲಷ್ಟೇ ಮಾತು ಕೇಳುತ್ತದೆ.

"ನಮ್ಮ ಅಜ್ಜಾರು ಬಂದೂಕಿನ ಮಾತು ಹೇಳ್ತಿದ್ರು," ಎನ್ನುತ್ತಾರೆ. "ನಳಿಗಿ ತಗ್ಗಾದ್ರ ಒಳಗ ಗಟ್ಟಿ ಸಲಾಕಿ ಕೊಡಬೇಕು, ಆಮ್ಯಾಲೆ ಹೊರಗ ಸುತ್ತಗಿ. ಒಳಗ ಆಸರಿ ಇಲ್ಲದ ಬಡದ್ರ ಇನ್ನೂ ತಗ್ಗು."

ಬಂದೂಕು ತಿದ್ದುವವರು ಎಲ್ಲೇ ಇರಲಿ, ಈ ಮಾತನ್ನು ಒಪ್ಪುತ್ತಾರೆ. 1866, 1873ರ ವಿಂಚೆಸ್ಟರ್‌ನಂಥ ಹಳೆಯ ಲಿವರ್ ರೈಫಲ್ಲುಗಳಲ್ಲಿ ಗುಂಡು ತುಂಬುವ ಜಾಗ ಪೆಟ್ಟಿಗೆಯಲ್ಲ. ನಳಿಗೆಯ ಕೆಳಗೆ ಉದ್ದಕ್ಕೂ ಮಲಗಿದ ಇನ್ನೊಂದು ತೆಳು ಕೊಳವೆ ಅದು. ಗುಂಡುಗಳು ಅದರಲ್ಲಿ ಒಂದರ ಹಿಂದೊಂದು ನಿಲ್ಲುತ್ತವೆ, ಸ್ಪ್ರಿಂಗು ಅವನ್ನು ಹಿಂದಕ್ಕೆ ತಳ್ಳುತ್ತದೆ. ಕೊಳವೆ ಒಂದೆಡೆ ಸ್ವಲ್ಪ ಜಜ್ಜಿದರೂ ಸಾಲು ಅಲ್ಲೇ ಸಿಕ್ಕಿಬೀಳುತ್ತದೆ. ಆಗ ತುದಿಯ ಬಿರಡೆ ಕಳಚಿ, ಸ್ಪ್ರಿಂಗನ್ನು ಹೊರಗೆಳೆದು, ಒಳಗಿನ ಅಳತೆಗೆ ಕಡೆದ ಎಣ್ಣೆ ಸವರಿದ ಉಕ್ಕಿನ ಸಲಾಕೆಯನ್ನು ತೂರಿಸುತ್ತಾರೆ. ಸಲಾಕೆ ತಗ್ಗನ್ನು ಒಳಗಿನಿಂದ ಎತ್ತುತ್ತಾ ಹೋಗುತ್ತದೆ. ಸುತ್ತಿಗೆ ಹೊರಗಿನಿಂದ ಹಗುರವಾಗಿ ತಟ್ಟಿ ಅಂಚನ್ನು ಸಮ ಮಾಡುತ್ತದೆ. ಜೋರು ಮಾಡಿದರೆ ತಗಡು ಹಿಗ್ಗಿ, ತಗ್ಗಿದ್ದಲ್ಲಿ ಉಬ್ಬು ಏಳುತ್ತದೆ.

ಬಟ್ಟೆ ತೆಗೆದಾಗ ಬುರುಡೆಯ ಒಳಮೈ ಬಣ್ಣ ತಿರುಗಿದೆ. ಚಾಚಾ ಎಡಗೈಯನ್ನು ಹೊರಗೆ ಅಡ್ಡ ಕೊಟ್ಟು, ಬಲಗೈಯಲ್ಲಿ ಗುಂಡಗೆ ಕೆತ್ತಿದ ಮರದ ತುಂಡನ್ನು ಒಳಗಿನಿಂದ ಒತ್ತುತ್ತಾರೆ. ಒಂದು ಸಣ್ಣ ಚಟ್. ನಿಮ್ಮ ಎದೆ ಹಾರುತ್ತದೆ. ಅವರ ಮುಖ ಅಲುಗುವುದಿಲ್ಲ. ತುಂಡನ್ನು ತಿರುಗಿಸಿ, ಅಂಚಿನಿಂದ ನಡುವಿಗೆ, ಮತ್ತೆ ಅಂಚಿಗೆ. ತಗ್ಗು ಕರಗುತ್ತದೆ. ಬಿರುಕುಗಳಿಗೆ ಅಂಟು ಕುಡಿಸಿ, ಬುರುಡೆಯದೇ ಪುಡಿ ಬೆರೆಸಿದ ಅಂಟನ್ನು ಸಂದಿಗೆ ತುಂಬಿ, ಒಳಗೆ ತೆಳು ಬಟ್ಟೆಯ ಪಟ್ಟಿ ಅಂಟಿಸುತ್ತಾರೆ. ಹೊರಗೆ ಸೈಕಲ್ ಟ್ಯೂಬಿನ ಸೀಳುಗಳು ಬಿಗಿಯುತ್ತವೆ.

"ಪಟ್ಟಿ ಇನ್ನೊಂದು ಪದರ ಹಾಕ್ರಲ್ಲ, ಗಟ್ಟಿ ಆಗ್ತದ."

"ಗಟ್ಟಿ ಆಗ್ತದರಿ, ಕಿವುಡೂ ಆಗ್ತದ."

ಅಂಟು ಒಣಗಲು ಬಿಡಬೇಕು. ಮುಂದಿನ ವಾರ ಬರ್ರಿ ಎನ್ನುತ್ತಾರೆ. ಹೊರಗೆ ಬಿದ್ದರೆ ಖ್ವಾಜಾ ಮೀರಾಸಾಹೇಬರ ದರ್ಗಾ ಹತ್ತಿರದಲ್ಲೇ. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರು ಮಲಗಿರುವುದು ಅದರ ಆವರಣದಲ್ಲಿ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಸವಾಯಿ ಗಂಧರ್ವರ ಶಿಷ್ಯರು. ಪಕ್ಕದ ಸಾಂಗಲಿಯಲ್ಲಿ ಕೃಷ್ಣಾಜಿ ಬಲ್ಲಾಳ ದೇವಲರು 22 ಶ್ರುತಿಗಳ ಲೆಕ್ಕ ಹಾಕುತ್ತಿದ್ದಾಗ ಪ್ರಯೋಗಕ್ಕೆ ಕೊರಳು ಕೊಟ್ಟವರೂ ಇದೇ ಖಾನರು. ದೇವಲರ ಪುಸ್ತಕ 1910ರಲ್ಲಿ ಬಂತು. ಇಷ್ಟು ಸೂಕ್ಷ್ಮ ಕಿವಿಗಳು ಸುತ್ತ ಇದ್ದಾಗ ತಂಬೂರಿ ಮಾಡುವವರು ಅಡ್ಡಾದಿಡ್ಡಿ ಕೆಲಸ ಮಾಡಿ ದಕ್ಕಿಸಿಕೊಳ್ಳುವಂತಿರಲಿಲ್ಲ.

ಮರಳಿ ಬಂದಾಗ ತಬಲಿ ಕೂತಿದೆ, ಅರಗಿನ ಪಾಲಿಶ್ ಮಿಂಚುತ್ತಿದೆ. ಉಳಿದದ್ದು ಜವಾರಿ, ಅಂದರೆ ನಾದ ಬಿಚ್ಚಿಕೊಳ್ಳುವಂತೆ ಕುದುರೆಯನ್ನು ತಿದ್ದುವ ಕೆಲಸ. ಚಾಚಾ ಕುದುರೆಯ ನೆತ್ತಿಯ ಮೇಲೆ ಸಣ್ಣ ಹಲ್ಲಿನ ಅರ ಆಡಿಸುತ್ತಾರೆ: ಎರಡು ಎಳೆತ, ತಂತಿ ಮೀಟು, ಮತ್ತೆ ಒಂದು ಎಳೆತ. ನೆತ್ತಿ ಚಪ್ಪಟೆಯಲ್ಲ, ಬಲು ಮಂದವಾದ ಇಳಿಜಾರು. ಕಂಪಿಸುವ ತಂತಿ ಅದನ್ನು ಸವರುತ್ತಾ ಏಳುತ್ತದೆ, ಬೀಳುತ್ತದೆ. ತಂತಿಯ ಕೆಳಗೆ ನೂಲಿನ ಎಳೆಯೊಂದನ್ನು, ಜೀವಾಳವನ್ನು, ಕೂದಲಷ್ಟು ಹಿಂದೆ ಮುಂದೆ ಸರಿಸಿದಾಗ ನಾದ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದಾಗ ಹುಟ್ಟಬಾರದೆಂದು ಶಾಸ್ತ್ರ ಹೇಳುವ ಸ್ವರಾಂಶಗಳೂ ತಂಬೂರಿಯಲ್ಲಿ ಕೇಳುತ್ತವೆ, ಅದಕ್ಕೆ ಈ ಕುದುರೆಯೇ ಕಾರಣ ಎಂದು ಸಿ. ವಿ. ರಾಮನ್ 1921ರಲ್ಲಿ ಬರೆದರು. ಅರ ಹಿಡಿದವರಿಗೆ ಅದು ಕೈಯಿಂದ ಗೊತ್ತಿತ್ತು. ಅಲಗಿನ ಬಾಯಿಯ ಇಳಿಜಾರು ಕಾಣುವ ಕಣ್ಣಿಗೆ ಕುದುರೆಯ ಇಳಿಜಾರು ಹೊಸತಲ್ಲ.

ಚಾಚಾ ಮತ್ತೆ ಗೆಣ್ಣಿನಿಂದ ಬಡಿಯುತ್ತಾರೆ. ಟಣ್, ಟಣ್. ಮೊದಲು ಸತ್ತಿದ್ದ ಜಾಗದಲ್ಲಿ ಸದ್ದು ಒಂದಿಷ್ಟು ಮೊಂಡು. "ಅದು ಅಷ್ಟ ಇರ್ತದರಿ," ಎನ್ನುತ್ತಾರೆ, ಮುಚ್ಚುಮರೆಯಿಲ್ಲದೆ.

2024ರಲ್ಲಿ ಮಿರಜದ ಸಿತಾರ್, ತಾನ್‌ಪುರಾಗಳಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಆ ಗುರುತು ಅಂಟುವುದು ಹೊಸ ವಾದ್ಯಕ್ಕೆ. ಹೊಸದು ಕೊಳ್ಳುವವರಲ್ಲಿ ಅನೇಕರು ಈಗ ಎಲೆಕ್ಟ್ರಾನಿಕ್ ತಾನ್‌ಪುರಾ ಒಯ್ಯುತ್ತಾರೆ, ಇಲ್ಲವೇ ಮೊಬೈಲಿನ ಆ್ಯಪ್ ತೆರೆಯುತ್ತಾರೆ. ಅವು ಬರ್ತ್‌ನಿಂದ ಬಿದ್ದರೆ ಮಿರಜಕ್ಕೆ ಬರುವುದಿಲ್ಲ. ಒಡೆದದ್ದು ಬಂದರಷ್ಟೇ ಹಿಂದಿನ ತಲೆಮಾರಿನ ಕೆಲಸವನ್ನು ಬಿಚ್ಚಿ ನೋಡಲು ಈ ಗಲ್ಲಿಗೆ ಅವಕಾಶ. ಫರೀದ್‌ಸಾಹೇಬರು ಕಲಿತದ್ದೂ ಹಾಗೆಯೇ. ಅವರ ಮುಂದೆ ಗುರುವಿರಲಿಲ್ಲ, ಕೆಟ್ಟ ವಾದ್ಯವಿತ್ತು.

ಹುಡುಗ ಮೂಲೆಯಲ್ಲಿ ಹೊಸ ತಬಲಿಯೊಂದಕ್ಕೆ ಉಜ್ಜುಗೊರಡು ಹಾಕುತ್ತಿದ್ದಾನೆ. ಪಕ್ಕದಲ್ಲಿ ತೆರೆದ ವಹಿ, ಅದರಲ್ಲಿ ನಿಮ್ಮ ತಂಬೂರಿಯ ಅಳತೆ. ಚಾಚಾ ಬಿಲ್ ಬರೆಯುತ್ತಾರೆ: ಬುರುಡೆ, ತಬಲಿ ಬಿಚ್ಚಿ ಕೂರಿಸಿದ್ದು, ಪಾಲಿಶ್, ಜವಾರಿ, ತಂತಿ. ಆ ಅಳತೆಯ ಲೆಕ್ಕ ಬಿಲ್ಲಿನಲ್ಲಿಲ್ಲ. ಅದನ್ನು ಕೊಟ್ಟವರು ನೀವು, ನೀವೂ ಕೇಳುವುದಿಲ್ಲ.