ಆಗುಂಬೆ ಘಾಟಿಯೂ ನಮ್ಮ ಹಳೇ ವ್ಯಾನಿನ ಸ್ಟೇರಿಂಗೂ

ದಸರಾ ರಜೆ ಶುರುವಾಯಿತೆಂದರೆ ಶಿವಮೊಗ್ಗದ ನಮ್ಮ ಮನೆಗೆ ಬೆಂಗಳೂರಿನಿಂದ ಇಬ್ಬರು ಮೊಮ್ಮಕ್ಕಳು ಬಂದಿಳಿಯುತ್ತಾರೆ. ದೊಡ್ಡವಳು ಪುಟ್ಟಿ, ಆರನೇ ತರಗತಿ. ಚಿಕ್ಕವನು ಪುಟ್ಟಣ್ಣ, ಎರಡನೇ ತರಗತಿ. ಈ ಸಲ ಪುಟ್ಟಣ್ಣನದು ಒಂದೇ ಹಟ: "ಅಜ್ಜಾ, ನಾನು ಸಮುದ್ರ ನೋಡಬೇಕು."

ಹೆಬ್ರಿಯಲ್ಲಿ ಅವರಜ್ಜಿಯ ಅಕ್ಕನ ಮನೆ ಇದೆ. ಅಲ್ಲೊಂದು ರಾತ್ರಿ ಉಳಿದು, ಮರುದಿನ ಉಡುಪಿ ಮುಟ್ಟಿ, ಮಲ್ಪೆಯಲ್ಲಿ ಸಮುದ್ರ ನೋಡಿ ಬರುವುದೆಂದು ತೀರ್ಮಾನವಾಯಿತು. ದಾರಿ ನಮಗೆ ಹೊಸದಲ್ಲ. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಘಾಟಿ ಇಳಿದರೆ ಸೋಮೇಶ್ವರ, ಹೆಬ್ರಿ. ಗಾಡಿಯೂ ಹೊಸದಲ್ಲ. 2004ರಲ್ಲಿ ಕೊಂಡ ಬಿಳಿ ವ್ಯಾನ್. ಹದಿನೈದು ವರ್ಷ ತುಂಬಿದಾಗ ತಪಾಸಣೆ ಮಾಡಿಸಿ ನೋಂದಣಿ ಮುಂದುವರಿಸಿಕೊಂಡಿದ್ದೆ. ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇರುವುದರಿಂದ ಬೇಸಿಗೆಯಲ್ಲಿ ಕೂತವರಿಗೆ ಕಾವು, ಮಳೆಗಾಲದಲ್ಲಿ ಬೆಚ್ಚಗೆ. ಪವರ್ ಸ್ಟೇರಿಂಗ್ ಇಲ್ಲ. ತಿರುಗಿಸುವುದೆಲ್ಲ ತೋಳಿನ ಶಕ್ತಿಯೇ.

ಹೊರಡುವ ಮೊದಲು ನಾನೊಂದು ವಿಷಯ ಮುಚ್ಚಿಟ್ಟಿದ್ದೆ. ಎರಡು ತಿಂಗಳಿಂದ ಗಾಡಿ ಅರುವತ್ತರ ವೇಗಕ್ಕೆ ಹೋದರೆ ಸ್ಟೇರಿಂಗ್ ಹಿಡಿದ ನನ್ನ ಕೈ ನಡುಗುತ್ತಿತ್ತು. ಗಾಡಿ ನಡುಗಿ ಕೈ ನಡುಗುತ್ತಿದೆಯೋ, ಕೈ ನಡುಗಿ ಗಾಡಿ ಓಲಾಡುತ್ತಿದೆಯೋ ಗೊತ್ತಾಗಿರಲಿಲ್ಲ. ವಯಸ್ಸು ಎಪ್ಪತ್ತೊಂದು. ಮಗ ಫೋನ್ ಮಾಡಿದಾಗಲೆಲ್ಲ "ಅಪ್ಪಾ, ಗಾಡಿ ಓಡಿಸಿದ್ದು ಸಾಕು, ಅದನ್ನು ಮಾರಿಬಿಡಿ" ಎನ್ನುತ್ತಿದ್ದ. ಕೈ ನಡುಗುತ್ತದೆ ಎಂದು ಬಾಯಿ ಬಿಟ್ಟರೆ ಕೀಲಿಕೈ ಹೋದಂತೆಯೇ. ಗ್ಯಾರೇಜಿಗೆ ಹೋಗಿ, ಮೆಕ್ಯಾನಿಕ್ ಗಾಡಿಯಲ್ಲಿ ಏನೂ ತೊಂದರೆ ಇಲ್ಲ ಅಂದುಬಿಟ್ಟರೆ? ಆ ಹೆದರಿಕೆಗೆ ಗ್ಯಾರೇಜಿಗೂ ಹೋಗಿರಲಿಲ್ಲ. ನಲವತ್ತರಲ್ಲಿ ಓಡಿಸಿದರೆ ನಡುಕ ಇರುವುದಿಲ್ಲ, ನಿಧಾನ ಹೋದರಾಯಿತು ಎಂದುಕೊಂಡು ಹೊರಟೆ.

ಬೆಳಿಗ್ಗೆ ಏಳಕ್ಕೆ ಊರು ಬಿಟ್ಟೆವು. ಗಾಜನೂರಿನ ತುಂಗಾ ಅಣೆಕಟ್ಟು, ಅದರ ಪಕ್ಕದಲ್ಲೇ ಸಕ್ರೆಬೈಲು ಆನೆ ಬಿಡಾರ. ಹಿನ್ನೀರಿನಲ್ಲಿ ಆನೆಗಳು ಮಗ್ಗುಲಾಗಿ ಮಲಗಿ, ಮಾವುತರಿಂದ ಮೈ ಉಜ್ಜಿಸಿಕೊಳ್ಳುತ್ತಿದ್ದವು. ಮರಿಯಾನೆಯೊಂದು ಸೊಂಡಿಲಲ್ಲಿ ನೀರೆರಚಿದ್ದಕ್ಕೆ ಪುಟ್ಟಣ್ಣ ಅರ್ಧ ಗಂಟೆ ನಕ್ಕ. ಅಲ್ಲಿಂದ ಮುಂದೆ ರಸ್ತೆ ಕಾಡಿನ ನಡುವೆ ಸಾಗುತ್ತದೆ. ಒಂದು ನೇರವಾದ ರಸ್ತೆಯಲ್ಲಿ ಪುಟ್ಟಿ ಹಿಂದಿನಿಂದ ಕೇಳಿದಳು:

"ಅಜ್ಜಾ, ರಸ್ತೆ ನೆಟ್ಟಗಿದೆಯಲ್ಲ, ನೀವು ಯಾಕೆ ಸ್ಟೇರಿಂಗ್ ಆ ಕಡೆ ಈ ಕಡೆ ಆಡಿಸ್ತಾ ಇದ್ದೀರಿ?"

"ಹಳೇ ಗಾಡಿ ಅಲ್ವೇನೇ, ಹಾಗೆಯೇ" ಅಂದೆ. ಅವರಜ್ಜಿ ಒಮ್ಮೆ ನನ್ನ ಮುಖ ನೋಡಿ ಸುಮ್ಮನಾದಳು.

ಮಂಡಗದ್ದೆಯಲ್ಲಿ ನಿಲ್ಲಿಸಿದೆವು. ಇಲ್ಲಿ ತುಂಗೆಯ ನಡುವಿನ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ನಾವು ಹೋದಾಗ ಹಲವು ಮರಗಳ ತುದಿ ಇನ್ನೂ ಬೆಳ್ಳಗಿತ್ತು. ಅವರಜ್ಜಿ ಫ್ಲಾಸ್ಕಿನಿಂದ ಸ್ಟೀಲ್ ಲೋಟಕ್ಕೆ ಕಂಠದವರೆಗೆ ಕಾಫಿ ಬಗ್ಗಿಸಿ ಕೊಟ್ಟಳು. ನಾನು ಲೋಟ ಹಿಡಿದು ಹಕ್ಕಿ ನೋಡುತ್ತ ನಿಂತೆ. ಪುಟ್ಟಿ ಹಕ್ಕಿ ಬಿಟ್ಟು ನನ್ನ ಲೋಟವನ್ನೇ ನೋಡುತ್ತಿದ್ದಳು.

"ಅಜ್ಜಾ, ಕಾಫಿ ಒಂದು ಹನಿಯೂ ಚೆಲ್ಲಲಿಲ್ಲ."

"ಚೆಲ್ಲಬೇಕಿತ್ತೇನೇ?"

"ಗಾಡಿಯಲ್ಲಿ ನಿಮ್ಮ ಕೈ ನಡುಗ್ತಿತ್ತಲ್ಲ! ಇಲ್ಲಿ ನಡುಗ್ತಾ ಇಲ್ಲ. ಹಾಗಿದ್ರೆ ನಡುಗೋದು ಗಾಡಿ, ನೀವಲ್ಲ."

ನನಗೆ ಏನು ಹೇಳಲೂ ತೋಚಲಿಲ್ಲ. ಎರಡು ತಿಂಗಳು ನಿದ್ದೆಗೆಡಿಸಿದ ಪ್ರಶ್ನೆಗೆ ಹನ್ನೊಂದು ವರ್ಷದ ಹುಡುಗಿ ಒಂದು ಲೋಟ ಕಾಫಿಯಲ್ಲಿ ಉತ್ತರ ಕಂಡುಹಿಡಿದಿದ್ದಳು. ಎಲ್ಲವನ್ನೂ ಹೇಳಿಬಿಟ್ಟೆ. ಅವರಜ್ಜಿ ಬೈಯಲಿಲ್ಲ. "ತೀರ್ಥಹಳ್ಳಿಯಲ್ಲಿ ಗ್ಯಾರೇಜಿಗೆ ತೋರಿಸಿ. ತೋರಿಸದೆ ಘಾಟಿ ಇಳಿಯೋದು ಬೇಡ" ಎಂದಳು ಅಷ್ಟೇ.

ತೀರ್ಥಹಳ್ಳಿಯ ಗ್ಯಾರೇಜಿನಲ್ಲಿ

ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ತಗಡಿನ ಮಾಡಿನ ಸಣ್ಣ ಗ್ಯಾರೇಜ್. ಮೆಕ್ಯಾನಿಕ್‌ಗೆ ಮೂವತ್ತೈದು ವರ್ಷವಿರಬಹುದು. ಗಾಡಿಯ ಕೆಳಗೆ ಹೋಗುವ ಮೊದಲು ಅವನು ಕಿಟಕಿಯಿಂದ ಕೈ ಹಾಕಿ ಸ್ಟೇರಿಂಗನ್ನು ಎರಡು ಬೆರಳಲ್ಲಿ ಮೆಲ್ಲಗೆ ಆಡಿಸಿದ.

"ಪ್ಲೇ ಜಾಸ್ತಿ ಇದೆ ಸಾರ್."

ಮಕ್ಕಳು ಆಟದ ಪ್ಲೇ ಎಂದುಕೊಂಡು ನಕ್ಕರು. ಅವನೂ ನಕ್ಕು ವಿವರಿಸಿದ. ಸ್ಟೇರಿಂಗ್ ಸ್ವಲ್ಪ ತಿರುಗಿದರೂ ಚಕ್ರ ಅಲ್ಲಾಡದೆ ಇರುವ ಆ ಸಡಿಲಕ್ಕೆ ಪ್ಲೇ ಅನ್ನುತ್ತಾರೆ. ಒಂದೆರಡು ಬೆರಳಿನಗಲ ಇದ್ದರೆ ತೊಂದರೆ ಇಲ್ಲ. ನಮ್ಮದು ನಾಲ್ಕು ಬೆರಳು ದಾಟಿತ್ತು. ನೇರ ರಸ್ತೆಯಲ್ಲೂ ನಾನು ಸ್ಟೇರಿಂಗ್ ಆಡಿಸುತ್ತಲೇ ಇದ್ದದ್ದು ಇದಕ್ಕೇ.

ಆಮೇಲೆ ಜಾಕ್ ಕೊಟ್ಟು ಮುಂದಿನ ಎಡ ಚಕ್ರ ಎತ್ತಿದ. "ಪುಟ್ಟೀ, ಚಕ್ರ ಒಂದು ಗಡಿಯಾರ ಅಂದ್ಕೋ. ಮೂರು ಗಂಟೆ, ಒಂಬತ್ತು ಗಂಟೆಯ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ ಸ್ಟೇರಿಂಗ್ ಕಡೆಯ ತೊಂದರೆ. ಹನ್ನೆರಡು, ಆರು ಗಂಟೆಯ ಜಾಗದಲ್ಲಿ ಹಿಡಿದಾಗ ಸಡಿಲ ಕಂಡರೆ ಬಾಲ್ ಜಾಯಿಂಟೋ ಚಕ್ರದ ಬೇರಿಂಗೋ ಹೋಗಿದೆ ಅಂತ." ಹನ್ನೆರಡು-ಆರರಲ್ಲಿ ಚಕ್ರ ಗಟ್ಟಿ ನಿಂತಿತು. ಮೂರು-ಒಂಬತ್ತರಲ್ಲಿ ಟಕ್ ಟಕ್ ಎಂದಿತು.

ಪುಟ್ಟಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಎಂಜಿನ್ ಆಫ್ ಇದ್ದಂತೆಯೇ ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಚೂರು ಚೂರು ಆಡಿಸಲು ಹೇಳಿದ. ತಾನು ಕೆಳಗೆ ಬಗ್ಗಿ ಒಂದೊಂದೇ ಕೀಲಿನ ಮೇಲೆ ಕೈ ಇಟ್ಟು ನೋಡಿದ. ನನ್ನನ್ನೂ ಬಗ್ಗಿಸಿ ತೋರಿಸಿದ.

ಮಕ್ಕಳೇ, ಒಳಗಿನ ಕಥೆ ಕಷ್ಟದ್ದೇನಲ್ಲ. ಸ್ಟೇರಿಂಗ್ ತಿರುಗಿಸಿದಾಗ ಅದಕ್ಕೆ ಸೇರಿದ ಸರಳು ತಿರುಗುತ್ತದೆ. ಸರಳಿನ ತುದಿಯಲ್ಲಿ ಸಣ್ಣ ಹಲ್ಲುಚಕ್ರ ಇದೆ, ಅದರ ಹೆಸರು ಪಿನಿಯನ್. ಅದರ ಹಲ್ಲು ಇನ್ನೊಂದು ಉದ್ದನೆಯ ಹಲ್ಲಿನ ಪಟ್ಟಿಗೆ ಕಚ್ಚಿಕೊಂಡಿರುತ್ತದೆ, ಅದು ರ‍್ಯಾಕ್. ಪಿನಿಯನ್ ತಿರುಗಿದರೆ ರ‍್ಯಾಕ್ ಎಡಕ್ಕೋ ಬಲಕ್ಕೋ ಜರುಗುತ್ತದೆ. ರ‍್ಯಾಕಿನ ಎರಡೂ ತುದಿಗೆ ಟೈ ರಾಡ್ ಎಂಬ ಸರಳುಗಳು. ಅವು ಚಕ್ರಗಳನ್ನು ತಳ್ಳುತ್ತವೆ, ಎಳೆಯುತ್ತವೆ. ಟೈ ರಾಡ್ ಚಕ್ರದ ಕಡೆಗೆ ಸೇರುವಲ್ಲಿ ನಮ್ಮ ಭುಜದ ಕೀಲಿನಂತೆ ಒಂದು ಗುಂಡು ಕೀಲು ಇದೆ. ಗ್ರೀಸ್ ಹೊರಗೆ ಹೋಗದಂತೆ, ನೀರು ಒಳಗೆ ಬಾರದಂತೆ ಅದಕ್ಕೆ ರಬ್ಬರಿನ ಟೊಪ್ಪಿ ಹಾಕಿರುತ್ತಾರೆ.

ನಮ್ಮ ಗಾಡಿಯ ಎಡ ಕೀಲಿನ ಟೊಪ್ಪಿ ಹರಿದಿತ್ತು. ಮಲೆನಾಡಿನ ಮಳೆ, ಕೆಸರು ಒಳಗೆ ನುಗ್ಗಿ ಗ್ರೀಸ್ ತೊಳೆದು, ತುಕ್ಕು ಹಿಡಿಸಿ, ಗುಂಡನ್ನು ಸವೆಸಿತ್ತು. ಚಕ್ರದ ರಿಮ್ಮಿಗೆ ಸಮತೂಕಕ್ಕೆಂದು ಹಚ್ಚಿದ್ದ ತುಂಡೂ ಬಿದ್ದುಹೋಗಿತ್ತು. ಅದಿಲ್ಲದೆ ಚಕ್ರ ವೇಗದಲ್ಲಿ ಕುಣಿಯುತ್ತದೆ, ಕೀಲು ಸಡಿಲವಿದ್ದರೆ ಆ ಕುಣಿತ ಕೈವರೆಗೂ ಬರುತ್ತದೆ. ನನ್ನ ನಡುಕದ ಗುಟ್ಟು ಇಷ್ಟೇ.

"ಇದರಲ್ಲಿ ಘಾಟಿ ಇಳೀಬಹುದಾ?" ಎಂದು ಕೇಳಿದೆ.

ಅವನು ಕೈ ಒರೆಸಿಕೊಳ್ಳುತ್ತ ಹೇಳಿದ: "ಇಳೀಬೇಡಿ ಸಾರ್. ಕೀಲು ಕಳಚಿದರೆ ಒಂದು ಚಕ್ರ ನಿಮ್ಮ ಮಾತು ಕೇಳಲ್ಲ. ನೇರ ರಸ್ತೆಯಲ್ಲೇ ಅದು ಅಪಾಯ. ತಿರುವಿನಲ್ಲಿ ಹಾಗಾದರೆ ನಾನೇನು ಹೇಳಲಿ?"

ಸಾಮಾನು ಶಿವಮೊಗ್ಗದಿಂದ ಬಸ್ಸಿನಲ್ಲಿ ಬರಬೇಕಿತ್ತು. ಗಾಡಿ ಅಲ್ಲೇ ಬಿಟ್ಟೆವು. ಬಸ್ಸಿಗೆ ಸಮಯವಿತ್ತು. ತುಂಗೆಯ ದಡಕ್ಕೆ ಹೋಗಿ, ನದಿಯ ಕಲ್ಲಿನ ಮಂಟಪ ನೋಡಿ, ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಇಲ್ಲಿ ಎಷ್ಟು ಜನ ಸೇರುತ್ತಾರೆಂದು ಮಕ್ಕಳಿಗೆ ಹೇಳುತ್ತ ಬುತ್ತಿ ಬಿಚ್ಚಿ ಊಟ ಮಾಡಿದೆವು.

ಹದಿನಾಲ್ಕು ತಿರುವು

ತೀರ್ಥಹಳ್ಳಿಯಿಂದ ಆಗುಂಬೆಗೆ ಒಂದು ಗಂಟೆ ದಾರಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಂಗಳೂರಿನಲ್ಲಿ ಬೀಳುವುದರ ಏಳು ಪಟ್ಟು ಎಂದಾಗ ಪುಟ್ಟಿ ಬಾಯಿ ತೆರೆದಳು. ಶಂಕರನಾಗ್ ಅವರು 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಊರು ಇದೇ ಎಂದು ಅವರಜ್ಜಿ ತೋರಿಸಿದಳು. ಅಜ್ಜ-ಅಜ್ಜಿಯರಾದ ಓದುಗರಿಗೆ ಆ ಧಾರಾವಾಹಿ ನೆನಪಿರದೆ ಹೋದೀತೇ!

ಊರು ದಾಟಿದರೆ ಸೂರ್ಯಾಸ್ತ ನೋಡುವ ಕಟ್ಟೆ. ಅಲ್ಲಿಂದ ಘಾಟಿ. ಒಟ್ಟು ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಭಾರಿ ವಾಹನಗಳನ್ನು ಇಲ್ಲಿ ಬಿಡುವುದಿಲ್ಲ. ಸಣ್ಣ ಬಸ್ಸುಗಳೇ ಓಡುತ್ತವೆ. ನಮ್ಮದೂ ಸಣ್ಣ ಬಸ್ಸು. ನನಗೆ ಡ್ರೈವರ್ ಹಿಂದಿನ ಸೀಟೇ ಸಿಕ್ಕಿತು.

ಎಷ್ಟು ವರ್ಷ ಈ ಘಾಟಿಯನ್ನು ನಾನೇ ಗಾಡಿ ಓಡಿಸಿಕೊಂಡು ಇಳಿದಿದ್ದೇನೆ! ಆದರೆ ಘಾಟಿಯನ್ನು ನೋಡಿದ್ದು ಅಂದೇ. ಡ್ರೈವರನಿಗೆ ಕಾಣುವುದು ರಸ್ತೆ ಮಾತ್ರ. ಅಂದು ಕೆಳಗೆ ಸೋಮೇಶ್ವರದ ಕಾಡು ಕಡುಹಸಿರಾಗಿ ಹಾಸಿತ್ತು. ಮಂಜಿನ ಒಂದು ಎಳೆ ಕಣಿವೆಯಲ್ಲಿ ಮೆಲ್ಲಗೆ ಮೇಲೇರುತ್ತಿತ್ತು. ಕಟ್ಟೆಯ ಮೇಲೆ ಕೂತ ಮಂಗಗಳು ಬಸ್ಸಿನ ಕಿಟಕಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದವು.

ಪುಟ್ಟಣ್ಣ ಎಣಿಸತೊಡಗಿದ. "ಒಂದು... ಎರಡು..." ಪ್ರತಿ ತಿರುವಿಗೂ ಡ್ರೈವರ್ ಮೊದಲೇ ಗೇರ್ ಇಳಿಸಿ, ಹಾರನ್ ಹೊಡೆದು, ಹತ್ತಿ ಬರುವ ಗಾಡಿ ಇದ್ದರೆ ನಿಂತು ದಾರಿ ಬಿಟ್ಟು, ಆಮೇಲೆ ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸುತ್ತಿದ್ದ. ತಿರುವು ಮುಗಿದೊಡನೆ ಹಿಡಿತ ಸ್ವಲ್ಪ ಸಡಿಲಿಸಿದರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತಿತ್ತು.

"ಏಳು" ಎಂದ ಪುಟ್ಟಣ್ಣ. ಬಸ್ಸಿನ ಮೂತಿ ತಗ್ಗುಗೋಡೆಯ ಹತ್ತಿರ ಹೋಗಿ ತಿರುಗಿತು. ಗೋಡೆಯಾಚೆ ಬರೀ ಗಾಳಿ, ಅದರ ಕೆಳಗೆ ಮರಗಳ ನೆತ್ತಿ. ನನಗೆ ಹೊಟ್ಟೆಯೊಳಗೆ ತಣ್ಣಗಾಯಿತು. ನಲವತ್ತರಲ್ಲಿ ಹೋದರಾಯಿತು ಎಂದು ನಾನು ಈ ಮಕ್ಕಳನ್ನು ಇಲ್ಲಿಗೆ ಕರೆತರುವವನಿದ್ದೆ. ಕೀಲು ಕಳಚುವುದಕ್ಕೆ ನಲವತ್ತೂ ಬೇಡ, ಹತ್ತೂ ಬೇಡ. ಪುಟ್ಟಿಯ ಕೈ ಹಿಡಿದುಕೊಂಡೆ. ಅವಳು ನನಗೇ ಹೆದರಿಕೆ ಎಂದುಕೊಂಡು "ಇನ್ನು ಏಳೇ ಇರೋದು ಅಜ್ಜಾ" ಎಂದು ಸಮಾಧಾನ ಹೇಳಿದಳು.

ಮರುದಿನ ಮಲ್ಪೆಯಲ್ಲಿ ಪುಟ್ಟಣ್ಣ ಸಮುದ್ರ ನೋಡಿ ಮೊದಲು ಹೇಳಿದ್ದು, "ಇಷ್ಟೊಂದು ನೀರನ್ನು ಯಾರು ಬಿಟ್ಟರು?" ಆಗುಂಬೆಯ ಮಳೆಯಲ್ಲಿ ಒಂದಿಷ್ಟು ಪಾಲು ಹೊಳೆಗಳಲ್ಲಿ ಹರಿದು ಇಲ್ಲಿಗೇ ಬರುತ್ತದೆಂದು ಹೇಳಿದೆ.

ಅಂದು ಸಂಜೆ ಮಗನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಪ್ಪಾ, ನಾನು ಮಾರಿಬಿಡಿ ಅಂತಲೇ ಹೇಳ್ತಾ ಬಂದೆ. ಅದಕ್ಕೇ ನೀವು ಹೇಳಲಿಲ್ಲ ಅಲ್ವಾ?" ಎಂದ. ಹೌದು ಎಂದೆ. ರಾತ್ರಿ ಗಾಡಿ ಓಡಿಸುವುದಿಲ್ಲ, ಘಾಟಿ ಇಳಿಯುವುದಿಲ್ಲ, ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡಿಸುತ್ತೇನೆ ಎಂದು ನಾನಾಗಿಯೇ ಮಾತು ಕೊಟ್ಟೆ. ಮಾರುವ ಮಾತು ಅವನು ಎತ್ತಲಿಲ್ಲ.

ಪುಟ್ಟಿಯ ಚೀಟಿ

ಮರಳಿ ತೀರ್ಥಹಳ್ಳಿಗೆ ಬಂದಾಗ ಕೆಲಸ ಮುಗಿದಿತ್ತು. ಹಳೆಯ ಕೀಲನ್ನು ಮೆಕ್ಯಾನಿಕ್ ಕಾಗದದಲ್ಲಿ ಸುತ್ತಿ ಪುಟ್ಟಿಗೆ ಕೊಟ್ಟ. ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದೆನೆಂದು ಎಣಿಸಿಟ್ಟುಕೊಂಡು, ಹೊಸದನ್ನು ಅಷ್ಟೇ ಸುತ್ತು ಹಾಕಿದ್ದೇನೆ ಎಂದ. ಆದರೂ ಊರು ಮುಟ್ಟಿದ ಕೂಡಲೇ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡೂ ಮಾಡಿಸಲೇಬೇಕು, ಇಲ್ಲದಿದ್ದರೆ ಟೈರ್ ಒಂದೇ ಕಡೆ ಸವೆಯುತ್ತದೆ ಎಂದು ಎಚ್ಚರಿಸಿದ. ಬೇರೆ ಏನೇನು ನೋಡಬೇಕೆಂದು ಪುಟ್ಟಿ ಕೇಳಿ ಕೇಳಿ ಬರೆದುಕೊಂಡಳು. ಹಳೇ ಗಾಡಿ ಇರುವ ಮನೆಯವರಿಗೆ ಉಪಯೋಗವಾದೀತೆಂದು ಅವಳ ಚೀಟಿ ಇಲ್ಲಿದೆ:

ಗಾಡಿ ಒಂದೇ ಕಡೆಗೆ ಎಳೆದರೆ ಮೊದಲು ಎರಡೂ ಮುಂದಿನ ಟೈರಿನ ಗಾಳಿ ನೋಡಿ. ಗಾಳಿ ಸರಿ ಇದ್ದರೆ ಅಲೈನ್‌ಮೆಂಟ್. ಬ್ರೇಕ್ ಹಾಕಿದಾಗ ಮಾತ್ರ ಎಳೆದರೆ ಬ್ರೇಕ್ ತೋರಿಸಿ.

ಒಂದು ವೇಗಕ್ಕೆ ಬಂದಾಗ ಮಾತ್ರ ನಡುಗಿದರೆ ವೀಲ್ ಬ್ಯಾಲೆನ್ಸ್, ರಿಮ್ ಮತ್ತು ಕೀಲುಗಳನ್ನು ನೋಡಿಸಿ.

ಸ್ಟೇರಿಂಗ್ ಬಿಗಿಯಾದರೆ ಮತ್ತೆ ಮೊದಲು ಗಾಳಿ. ಆಮೇಲೆ ಒಣಗಿದ ಕೀಲು, ತುಕ್ಕು ಹಿಡಿದ ರ‍್ಯಾಕ್. ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬಾರದಿದ್ದರೂ ಕೀಲು ಬಿಗಿದಿರಬಹುದು.

ಗುಂಡಿಯಲ್ಲಿ ಟಕ್ ಎಂದರೆ, ಸ್ಟೇರಿಂಗ್ ಸಡಿಲವೆನಿಸಿದರೆ ದೂರದ ಪ್ರಯಾಣ ಬೇಡ. ಮೊದಲು ಗ್ಯಾರೇಜ್.

ಪ್ರತಿ ಮಳೆಗಾಲ ಮುಗಿದ ಮೇಲೆ ರಬ್ಬರ್ ಟೊಪ್ಪಿಗಳು ಹರಿದಿವೆಯೇ ಎಂದು ನೋಡಿಸಿ. ಟೊಪ್ಪಿಗೆ ಖರ್ಚು ಕಡಿಮೆ, ಕೀಲಿಗೆ ಹೆಚ್ಚು.

ಕೊನೆಯಲ್ಲಿ ಅವಳದೇ ಒಂದು ಸಾಲು ಸೇರಿಸಿದ್ದಳು: ಅಜ್ಜ ಏನನ್ನೂ ಮುಚ್ಚಿಡಬಾರದು.

ಶಿವಮೊಗ್ಗದ ಕಡೆಗೆ ನಿಧಾನವಾಗಿ ಹೊರಟೆವು. ಮಂಡಗದ್ದೆಯ ಹತ್ತಿರ ಒಂದು ದೊಡ್ಡ ತಿರುವು. ತಿರುಗಿಸಿ ಹಿಡಿತ ಸಡಿಲಿಸಿದೆ. ಸ್ಟೇರಿಂಗ್ ಅಂಗೈಯೊಳಗೇ ಮೆಲ್ಲಗೆ ಜಾರಿ ನೇರಕ್ಕೆ ಬಂದು ನಿಂತಿತು. ಹಿಂದಿನ ಸೀಟಿನಿಂದ ಪುಟ್ಟಿ ಬಗ್ಗಿ ನನ್ನ ಕೈ ನೋಡಿದಳು.

"ಸರಿಯಾಗಿದೆ ಅಜ್ಜಾ" ಎಂದಳು.

ಚೀಟಿ ಈಗಲೂ ಗಾಡಿಯ ಡ್ಯಾಶ್‌ಬೋರ್ಡಿಗೆ ಅಂಟಿಕೊಂಡಿದೆ.