ಕೆಲಸ ಯಾರದು ಎಂದು ಕೇಳದೆ

ಮನೆಯ ಲ್ಯಾಪ್‌ಟಾಪಿಗೆ ನಾನು ಫ್ರೀಬಿಎಸ್‌ಡಿ ಹಾಕಿದ್ದು ಅದರ ಮೇಲಿನ ಮೆಚ್ಚುಗೆಯಿಂದಲೇ. 1993ರಿಂದ ಬೆಳೆದುಬಂದಿರುವ ಈ ಯುನಿಕ್ಸ್ ಮಾದರಿಯ ವ್ಯವಸ್ಥೆಯಲ್ಲಿ ಕರ್ನಲ್ಲನ್ನೂ ಮೂಲ ಸಾಧನಗಳನ್ನೂ ಒಂದೇ ಬಳಗ ಒಟ್ಟಿಗೆ ರೂಪಿಸುತ್ತದೆ. ಲಿನಕ್ಸ್‌ನಲ್ಲಾದರೆ ಬೇರೆಬೇರೆ ಕಡೆ ತಯಾರಾದದ್ದನ್ನು ಡೆಬಿಯನ್, ಫೆಡೋರಾದಂಥ ಡಿಸ್ಟ್ರೋಗಳು ಜೋಡಿಸಿ ಕೊಡುತ್ತವೆ. ಫ್ರೀಬಿಎಸ್‌ಡಿಯ ಅಚ್ಚುಕಟ್ಟು, ಅದರ ಹ್ಯಾಂಡ್‌ಬುಕ್, ಝಡ್‌ಎಫ್‌ಎಸ್ ಫೈಲ್ ವ್ಯವಸ್ಥೆಯ ಸ್ನ್ಯಾಪ್‌ಶಾಟ್‌ಗಳ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. ಆದರೆ ಆ ಲ್ಯಾಪ್‌ಟಾಪನ್ನು ಹೆಚ್ಚಾಗಿ ಬಳಸುತ್ತಿದ್ದವಳು ಕನ್ನಡ ಶಿಕ್ಷಕಿಯಾದ ನನ್ನ ಹೆಂಡತಿ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಇನ್‌ಸ್ಟಾಲ್ ಮುಗಿದಾಗ ಬಂದದ್ದು ಕಪ್ಪು ಪರದೆ, ಕಮಾಂಡ್ ಸಾಲು. ಎಕ್ಸ್‌ಆರ್ಗ್, ಡೆಸ್ಕ್‌ಟಾಪ್, ಗ್ರಾಫಿಕ್ಸ್ ಡ್ರೈವರ್ ಎಲ್ಲವನ್ನೂ ಒಂದೊಂದಾಗಿ ಹಾಕಿಕೊಂಡೆ. ಅದು ನನಗೆ ಖುಷಿಯ ಕೆಲಸ. ಆದರೆ ವೈಫೈ ಚಿಪ್‌ಗೆ ಡ್ರೈವರ್ ಸಿಗಲಿಲ್ಲ. ಮುಚ್ಚಳ ಹಾಕಿದರೆ ಸ್ಲೀಪ್‌ಗೆ ಹೋದ ಯಂತ್ರ ಮತ್ತೆ ಏಳುತ್ತಿರಲಿಲ್ಲ. ದೊಡ್ಡ ಪೆಟ್ಟು ಬಿದ್ದದ್ದು ಅವಳ ಪ್ರಶ್ನೆಪತ್ರಿಕೆಗಳಿಗೆ. ಅವೆಲ್ಲ ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿದ್ದವು. ಅಂಥ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಅದಿಲ್ಲದೆ ಲಿಬ್ರೆಆಫೀಸ್ ಸಾಲುಸಾಲಾಗಿ ಅರ್ಥವಿಲ್ಲದ ಚಿಹ್ನೆ ತೋರಿಸಿತು.

"ರೀ, ನಾಳೆ ಬೆಳಿಗ್ಗೆ ಇದನ್ನ ಕೊಡಬೇಕು ನಾನು" ಎಂದಳು. ರಾತ್ರಿ ಕೂತು ಇಡೀ ಪತ್ರಿಕೆಯನ್ನು ಕೈಯಲ್ಲೇ ಬರೆದಳು. ಆ ಶ್ರಮವನ್ನು ಅವಳ ಮೇಲೆ ಹೇರಿದವನು ನಾನು.

ವ್ಯವಸ್ಥೆ ಎಷ್ಟು ಒಳ್ಳೆಯದೆಂದು ಓದಿದ್ದೆ. ಯಾರ ಕೆಲಸಕ್ಕೆ, ಯಾವ ಯಂತ್ರಕ್ಕೆ ಎಂದು ಯೋಚಿಸಿರಲಿಲ್ಲ. ಈಗ ಮೊದಲು ಬಳಸುವವರ ಜೊತೆ ಕೂತು ಕೆಲಸಗಳ ಪಟ್ಟಿ ಮಾಡುತ್ತೇನೆ. ಆಮೇಲೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಡಿಸ್ಕ್ ಮುಟ್ಟದೆಯೇ ವೈಫೈ, ಸ್ಲೀಪ್, ಪ್ರಿಂಟರ್ ಪರೀಕ್ಷಿಸುತ್ತೇನೆ. ಅವಳ ಲ್ಯಾಪ್‌ಟಾಪಿಗೆ ಡೆಬಿಯನ್ ಹೊಂದಿತು. 2023ರಲ್ಲಿ ಬಂದ ಡೆಬಿಯನ್ 12ರಿಂದ ವೈಫೈಗೆ ಬೇಕಾಗುವ ಮುಕ್ತವಲ್ಲದ ಫರ್ಮ್‌ವೇರ್ ಕೂಡ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಇರುತ್ತದೆ. ಟೈಪಿಂಗ್‌ಗೆ ನೆರವಾಗುವ ಐಬಸ್‌ಗೆ ಎಂ17ಎನ್ ಸೇರಿಸಿದರೆ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಒಗ್ಗುವ ಕೆಜಿಪಿ ಕೀಲಿಮಣೆ ಸಿಗುತ್ತದೆ. ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸಿ, ಒಂದೊಂದನ್ನೂ ಅವಳೇ ಓದಿ ಒಪ್ಪಿದ ಮೇಲಷ್ಟೇ ಆ ಲ್ಯಾಪ್‌ಟಾಪಿನಲ್ಲಿ ಫ್ರೀಬಿಎಸ್‌ಡಿಗೆ ವಿದಾಯ ಹೇಳಿದೆವು.

ಫ್ರೀಬಿಎಸ್‌ಡಿಯನ್ನು ನಾನು ಬಿಟ್ಟಿಲ್ಲ. ನನ್ನ ಬ್ಯಾಕಪ್ ಯಂತ್ರದಲ್ಲಿ ಅದು ಸೊಗಸಾಗಿ ನಡೆಯುತ್ತಿದೆ, ಅಲ್ಲಿ ಅದನ್ನು ಬಳಸುವವನೂ ನಾನೇ. ಇನ್ನೊಬ್ಬರ ಯಂತ್ರ ಬದಲಿಸಲು ಹೊರಟವರು ಅವರ ಪಕ್ಕ ಒಂದು ದಿನ ಕೂತು, ಅವರು ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ತೆರೆಯುತ್ತಾರೆಂದು ನೋಡಲಿ. ಆಯ್ಕೆ ಅಲ್ಲಿಂದ ಶುರುವಾಗಬೇಕು.